ನಳಿಗೆಯ ಬಾಯಿಂದ ಮದ್ದು ತುಂಬುವ ರೈಫಲ್ಲಿಗೆ ಪೀಪ್ ಸೈಟು: ಹಲವು ವರ್ಷ ಬಳಸಿದ ಮೇಲೆ

ಐವತ್ತು ದಾಟಿದ ಕಣ್ಣಿನವರು ತಮ್ಮ ರೈಫಲ್ಲಿಗೆ ಮಾಡಬಹುದಾದ ಖರ್ಚುಗಳಲ್ಲಿ ಪೀಪ್ ಸೈಟಿಗಿಂತ, ಅಂದರೆ ತೂತಿನ ಮೂಲಕ ನೋಡಿ ಗುರಿ ಹಿಡಿಯುವ ಹಿಂದಿನ ಸೈಟಿಗಿಂತ, ಒಳ್ಳೆಯದು ನನಗೆ ಕಂಡಿಲ್ಲ. ಆದರೆ ಪೆಟ್ಟಿಗೆಯ ಮೇಲೆ ಬರೆದ ಬೆಲೆಗೇ ಕೆಲಸ ಮುಗಿಯುತ್ತದೆ ಎಂದುಕೊಂಡು ಕೊಳ್ಳಬೇಡಿ. ಸೈಟು ಕೊಳ್ಳುವುದು ಅರ್ಧ ಕೆಲಸ. ಅದಕ್ಕೆ ರೈಫಲ್ಲನ್ನು ಒಪ್ಪಿಸುವುದು ಉಳಿದರ್ಧ.

ನನ್ನದು ಹಾಕನ್ ಮಾದರಿಯ ರೈಫಲ್. .50 ಕ್ಯಾಲಿಬರ್ (ನಳಿಗೆಯ ತೂತು ಅರ್ಧ ಇಂಚು), 32 ಇಂಚಿನ ಎಂಟು ಮುಖದ ನಳಿಗೆ, ಅರ್ಧಕ್ಕೇ ನಿಲ್ಲುವ ಮರದ ಕಟ್ಟು, ಕೇಪಿಟ್ಟು ಹೊಡೆಯುವಂಥದ್ದು. ಅಮೆರಿಕದ ಇಂಡಿಯಾನಾದಲ್ಲಿ ನೆಲೆಸಿದ ಮೇಲೆ ಕೊಂಡದ್ದು. ಕೊಡಗಿನ ನಮ್ಮ ಮನೆಯಲ್ಲಿ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನಂದು ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜಿಸುತ್ತಿದ್ದ ಕೋವಿಗೆ ಸೈಟೆಂದರೆ ನಳಿಗೆಯ ತುದಿಯಲ್ಲೊಂದು ಹಿತ್ತಾಳೆ ಮಣಿ, ಅಷ್ಟೇ. ಚರೆ ಹೊಡೆಯಲು ಅದು ಸಾಕಿತ್ತು. ಒಂಟಿ ಸೀಸದ ಗುಂಡನ್ನು ನೂರು ಗಜದಾಚೆಯ ಹಾಳೆಗೆ ಮುಟ್ಟಿಸುವ ಆಟವೇ ಬೇರೆ.

ರೈಫಲ್ಲಿನ ಜೊತೆಗೆ ಬಂದ ಹಿಂದಿನ ಸೈಟು ನಳಿಗೆಯ ಮೇಲೇ ಕೂತಿತ್ತು: ಒಂದು ಕಚ್ಚು ಕೊರೆದ ತಗಡು. ಕಚ್ಚು, ಮುಂದಿನ ಸೈಟು, ಗುರಿ ಮೂರನ್ನೂ ಕಣ್ಣು ಒಟ್ಟಿಗೆ ನೋಡಬೇಕು. ವಯಸ್ಸಾದ ಕಣ್ಣಿಗೆ ಅದು ಆಗದು. ನನಗೆ ಮೊದಲು ಮಸುಕಾದದ್ದು ಕಚ್ಚು. ಅದರ ಅಂಚುಗಳು ನೀರಲ್ಲಿ ನೆನೆದ ಶಾಯಿಯಂತೆ ಹರಡಿಕೊಳ್ಳುತ್ತಿದ್ದವು. ಹತ್ತಿರಕ್ಕೂ ದೂರಕ್ಕೂ ಆಗುವ ಬೈಫೋಕಲ್ ಕನ್ನಡಕ ಹಾಕಿದರೆ ತಲೆ ಎತ್ತಿ ಇಳಿಸಿ ಕುತ್ತಿಗೆ ನೋಯುತ್ತದೆ ಹೊರತು ಗುಂಡು ಸರಿಹೋಗುವುದಿಲ್ಲ. ಪೀಪ್ ಸೈಟಿನಲ್ಲಿ ಹಿಂದಿನ ತೂತನ್ನು ನೋಡುವ ಗೋಜೇ ಇಲ್ಲ, ಅದರ ಮೂಲಕ ನೋಡಿದರಾಯಿತು. ಮುಂದಿನ ಸೈಟನ್ನು ತೂತಿನ ನಡುವಿಗೆ ತರುವ ಕೆಲಸವನ್ನು ಕಣ್ಣು ತಾನಾಗಿಯೇ ಮಾಡುತ್ತದೆ. ಜೊತೆಗೆ ಸಣ್ಣ ತೂತಿನ ಹಿಂದೆ ಕಣ್ಣಿಟ್ಟಾಗ ಹತ್ತಿರದ್ದೂ ದೂರದ್ದೂ ಒಂದಿಷ್ಟು ತಿಳಿಯಾಗುತ್ತವೆ.

ಇನ್ನೊಂದು ಲಾಭ ಅಂತರದ್ದು. ಹಳೆಯ ಕಚ್ಚಿನಿಂದ ಮುಂದಿನ ಸೈಟಿಗೆ ಸುಮಾರು 23 ಇಂಚು ಇತ್ತು. ಹೊಸದು ನಳಿಗೆಯ ಹಿಂದೆ ಮರದ ಮೇಲೆ ಬಾಲದಂತೆ ಚಾಚಿರುವ ಟ್ಯಾಂಗ್ ಪಟ್ಟಿಯ ಮೇಲೆ ಕೂರುವುದರಿಂದ ಈಗ 35 ಇಂಚು. ಸೈಟು ಹೊಂದಿಸುವಾಗ ಇಂಚಿನ ನೂರನೇ ಒಂದು ಭಾಗ ತಪ್ಪಿದರೆ, ನೂರು ಗಜದಲ್ಲಿ ಮೊದಲು ಒಂದೂವರೆ ಇಂಚಿಗೂ ಹೆಚ್ಚು ಪಕ್ಕಕ್ಕೆ ಬೀಳುತ್ತಿದ್ದ ಗುಂಡು ಈಗ ಒಂದು ಇಂಚಿನ ಆಸುಪಾಸಿನಲ್ಲೇ ಬೀಳುತ್ತದೆ.

ಜೋಡಿಸುವುದಕ್ಕೆ ಬರೋಣ. ಟ್ಯಾಂಗ್ ಬೋಲ್ಟನ್ನು ಬಿಚ್ಚಿ, ಸೈಟಿನ ಬುಡವನ್ನಿಟ್ಟು, ಬುಡದ ದಪ್ಪಕ್ಕೆ ತಕ್ಕಂತೆ ಉದ್ದವಾದ ಬೋಲ್ಟ್ ಹಾಕಬೇಕು. ಕೆಲವು ರೈಫಲ್ಲುಗಳ ಟ್ಯಾಂಗಿನಲ್ಲಿ ಎರಡನೇ ತಿರುಪಿನ ತೂತು ಕಾರ್ಖಾನೆಯಲ್ಲೇ ಕೊರೆದಿರುತ್ತದೆ. ಇಲ್ಲದಿದ್ದರೆ ಬಂದೂಕು ರಿಪೇರಿಯವರ ಹತ್ತಿರ ಹೋಗಿ. ತೂತಿನೊಳಗೆ ತಿರುಪಿನ ಸುತ್ತು ಕೊರೆಯುವ 6-48 ಅಳತೆಯ ಟ್ಯಾಪ್ ಕಡ್ಡಿಯಷ್ಟು ತೆಳ್ಳಗಿರುತ್ತದೆ, ಒಳಗೆ ಮುರಿದರೆ ತೆಗೆಯುವುದು ದೊಡ್ಡ ತಲೆನೋವು. ಟ್ಯಾಂಗಿಗೆ ಮದ್ದಿನ ಒತ್ತಡ ತಾಗುವುದಿಲ್ಲವಾದ್ದರಿಂದ ಅಲ್ಲಿ ಕೊರೆಯಬಹುದು. ಮದ್ದು ಕೂರುವ ಜಾಗದ ಮೇಲೆ ನಳಿಗೆಗೆ ಡ್ರಿಲ್ ಮುಟ್ಟಿಸಲೇಬೇಡಿ. ಕೇಪನ್ನು ಬಡಿಯುವ ಕುದುರೆಯನ್ನು (ಹ್ಯಾಮರ್) ಪೂರ್ತಿ ಹಿಂದಕ್ಕೆ ಎಳೆದಾಗ ಅದು ಸೈಟಿಗೆ ತಾಗುವುದೇ ಎಂದು ತೂತು ಕೊರೆಯುವ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ನಿಜವಾದ ಕೆಲಸ ಇರುವುದು ಮುಂದಿನ ಸೈಟಿನಲ್ಲಿ. ಪೀಪ್ ಸೈಟು ಹಳೆಯ ಕಚ್ಚಿಗಿಂತ ಎತ್ತರದಲ್ಲಿ ಕೂರುತ್ತದೆ. ನನ್ನ ರೈಫಲ್ಲಿನಲ್ಲಿ ಅದನ್ನು ತಳಮಟ್ಟಕ್ಕೆ ಇಳಿಸಿದರೂ 50 ಗಜದಲ್ಲಿ ಗುಂಡು ಆರು ಇಂಚು ಮೇಲೆ ಬೀಳುತ್ತಿತ್ತು. ಲೆಕ್ಕ ಸುಲಭ: ತಪ್ಪಿದ ಇಂಚನ್ನು ಸೈಟುಗಳ ನಡುವಿನ ಅಂತರದಿಂದ ಗುಣಿಸಿ, ಗುರಿಯ ದೂರವನ್ನು ಇಂಚಿಗೆ ಇಳಿಸಿ ಭಾಗಿಸಿ. ಆರನ್ನು 35ರಿಂದ ಗುಣಿಸಿ 1800ರಿಂದ ಭಾಗಿಸಿದರೆ 0.117 ಇಂಚು, ಅಂದರೆ ಮೂರು ಮಿಲಿಮೀಟರ್. ಹಳೆಯದಕ್ಕಿಂತ ಅಷ್ಟು ಹೆಚ್ಚು ಎತ್ತರದ ಹೊಸ ಮುಂದಿನ ಸೈಟು ಬೇಕು. ಇನ್ನೂ ಒಂದಿಷ್ಟು ಎತ್ತರದ್ದನ್ನೇ ತಂದು, ಗುಂಡು ಬೇಕೆಂದೇ ಕೆಳಗೆ ಬೀಳುವಂತೆ ಮಾಡಿ, ಅರದಿಂದ ಉಜ್ಜುತ್ತಾ ಮೇಲೆ ತರುವುದು ಹಳೆಯ ಕ್ರಮ. ನೂರನೇ ಒಂದು ಇಂಚು ಉಜ್ಜಿದರೆ 50 ಗಜದಲ್ಲಿ ಅರ್ಧ ಇಂಚು ಮೇಲೇರುತ್ತದೆ. ಎರಡು ಸಲ ಅರ ಎಳೆಯುವುದು, ಮೂರು ಗುಂಡು ಹೊಡೆಯುವುದು, ಮತ್ತೆ ಅರ. ಆತುರಗಾರರಿಗೆ ಇದು ಹೇಳಿದ ಕೆಲಸವಲ್ಲ. ನನ್ನ ಲೋಡು, ಅಂದರೆ ಒಂದು ಹೊಡೆತಕ್ಕೆ ತುಂಬುವುದು, 70 ಗ್ರೇನ್ ಅಳತೆಯ ಎಫ್‌ಎಫ್‌ಜಿ ದರ್ಜೆಯ ಕರಿಮದ್ದು, ಎಣ್ಣೆ ಹಚ್ಚಿದ ಬಟ್ಟೆಯಲ್ಲಿ ಸುತ್ತಿದ .490 ಇಂಚಿನ ದುಂಡು ಗುಂಡು. ಲೋಡು ಬದಲಾದರೆ ಈ ಲೆಕ್ಕವೆಲ್ಲ ಮತ್ತೆ ಮೊದಲಿನಿಂದ.

ಯಾವ ಕ್ಯಾಟಲಾಗೂ ಹೇಳದ ವಿಷಯವೊಂದಿದೆ. ಹಾಕನ್ ಮಾದರಿಯಲ್ಲಿ ನಳಿಗೆಯ ಹಿಂಭಾಗ ಟ್ಯಾಂಗಿಗೆ ಕೊಕ್ಕೆಯಂತೆ ಸಿಕ್ಕಿಕೊಳ್ಳುತ್ತದೆ. ಅಡ್ಡ ಬೆಣೆ ತೆಗೆದರೆ ನಳಿಗೆ ಎದ್ದು ಬರುತ್ತದೆ, ಬಿಸಿನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿ ತೊಳೆಯಬಹುದು. ಕರಿಮದ್ದಿನ ಮಸಿ ಗಾಳಿಯ ತೇವ ಹೀರಿ ಕಬ್ಬಿಣವನ್ನು ತಿನ್ನುವುದರಿಂದ ಹೊಡೆದ ದಿನವೇ ತೊಳೆಯಬೇಕು. ತೊಳೆಯುವಾಗ ಮುಂದಿನ ಸೈಟು ನಳಿಗೆಯೊಂದಿಗೆ ಹೋಗುತ್ತದೆ, ಪೀಪ್ ಸೈಟು ಮರದ ಮೇಲೇ ಉಳಿಯುತ್ತದೆ. ಕೊಕ್ಕೆ ಸಡಿಲವಿದ್ದರೆ ಪ್ರತಿ ತೊಳೆತದ ನಂತರವೂ ಗುರಿ ಅಷ್ಟಷ್ಟು ಸರಿದಿರುತ್ತದೆ. ಹಳೆಯ ಕಚ್ಚಿಗೆ ಈ ರೋಗವಿರಲಿಲ್ಲ, ಎರಡೂ ಸೈಟು ನಳಿಗೆಯ ಮೇಲೇ ಇದ್ದವು. ನಾನು ಟ್ಯಾಂಗಿನಡಿ ಎಪಾಕ್ಸಿ ಹಾಕಿಸಿ ಕೂರಿಸಿ, ಬೆಣೆಯನ್ನು ಬಿಗಿಗೊಳಿಸಿದ ಮೇಲೆ ಈ ಕಾಟ ನಿಂತಿತು. ಕೊಳ್ಳುವ ಮುನ್ನ ನಳಿಗೆಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಟಕ್ ಟಕ್ ಎಂದರೆ ಮೊದಲು ಅದಕ್ಕೆ ಮದ್ದು ಮಾಡಿ.

ಸೈಟಿನೊಂದಿಗೆ ಬಂದ ಸಣ್ಣ ತೂತಿನ ಬಿಲ್ಲೆ ಬಿಸಿಲಿನ ಮೈದಾನಕ್ಕೆ ಸರಿ. ಕಾಡಿನಲ್ಲಿ, ಅದೂ ಜಿಂಕೆ ಹೊರಬರುವ ಮುಸ್ಸಂಜೆಯಲ್ಲಿ, ಅದರೊಳಗೆ ಕತ್ತಲೆ ಬಿಟ್ಟು ಬೇರೇನೂ ಕಾಣದು. ಬಿಲ್ಲೆ ಬಿಚ್ಚಿಟ್ಟು ಅದು ಕೂರುವ ಬರೀ ಬಳೆಯ ಮೂಲಕ ನೋಡುವುದೇ ಜಾಣತನ. ಕನೆಕ್ಟಿಕಟ್‌ನ ವಿಲಿಯಂ ಲೈಮನ್ 1879ರಲ್ಲಿ ಪೇಟೆಂಟ್ ಪಡೆದ ಟ್ಯಾಂಗ್ ಸೈಟಿನ ಹೆಚ್ಚುಗಾರಿಕೆಯೂ ದೊಡ್ಡ ತೂತು, ತೆಳು ಅಂಚು. ತೂತು ದೊಡ್ಡದಾದರೆ ಗುರಿ ಕೆಡುತ್ತದೆ ಎಂಬ ಭಯ ಬೇಟೆಯ ದೂರಕ್ಕೆ ಅನಗತ್ಯ. ಮಳೆಯಲ್ಲಿ ಸಣ್ಣ ತೂತಿಗೆ ಹನಿ ಕೂತರೆ ಎಲ್ಲವೂ ಮುಗಿಯಿತು. ದೊಡ್ಡದಾದರೆ ಬಾಯಿಂದ ಊದಿದರೆ ಸಾಕು.

ಬಾಳಿಕೆಯ ಬಗ್ಗೆ ದೂರಿಲ್ಲ. ತಿರುಪುಗಳಿಗೆ ಅವು ಸಡಿಲವಾಗದಂತೆ ಹಿಡಿಯುವ ನೀಲಿ ಥ್ರೆಡ್‌ಲಾಕರ್ ಹಚ್ಚಿದ್ದೇನೆ. ಕೇಪು ಸಿಡಿದಾಗ ಚಿಮ್ಮುವ ಮಸಿ ಸೈಟಿನ ಬುಡದಲ್ಲಿ ಸೇರಿಕೊಳ್ಳುವುದರಿಂದ ಋತು ಮುಗಿದಾಗ ಪೂರ್ತಿ ಬಿಚ್ಚಿ ಎಣ್ಣೆ ಹಚ್ಚುತ್ತೇನೆ. ಬಿಚ್ಚದವರ ಸೈಟಿನ ಅಡಿಯಲ್ಲಿ ತುಕ್ಕಿನ ಕಂದು ಗೆರೆ ಕಂಡಿದ್ದೇನೆ.

ನಿಯಮಗಳನ್ನು ಓದಿಕೊಳ್ಳಿ. ಕೊಲೊರಾಡೊದ ಮಜಲ್‌ಲೋಡರ್ (ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿ) ಬೇಟೆಯ ಋತುವಿನಲ್ಲಿ ದುರ್ಬೀನಿಗೆ ಅವಕಾಶವಿಲ್ಲ, ಗಾಜಿಲ್ಲದ ಸಾದಾ ಸೈಟು ಮಾತ್ರ. ಅಂಥ ಕಡೆ ಪೀಪ್ ಸೈಟಿನ ಬೆಲೆ ತಿಳಿಯುತ್ತದೆ. ಕಚ್ಚಿನ ಸೈಟಿಗೆ ಮಾತ್ರ ಮೀಸಲಾದ ಸ್ಪರ್ಧೆಗಳೂ ಇವೆ. ಅವುಗಳಿಗಾಗಿ ಹಳೆಯ ಹಿಂದಿನ ಸೈಟನ್ನು ಎತ್ತಿಟ್ಟಿದ್ದೇನೆ, ಅದು ಕೂರುತ್ತಿದ್ದ ನಳಿಗೆಯ ತೋಡಿಗೆ ಸದ್ಯ ಕಬ್ಬಿಣದ ತುಂಡೊಂದನ್ನು ಬಡಿದಿದ್ದೇನೆ. ಆದರೆ ಅದನ್ನು ಹಾಕಿದರೆ ಎತ್ತರದ ಮುಂದಿನ ಸೈಟಿನಿಂದಾಗಿ ಗುಂಡು ನೆಲ ಕಾಣುತ್ತದೆ, ಆದ್ದರಿಂದ ಹಳೆಯ ಮುಂದಿನದ್ದನ್ನೂ ಹಾಕಬೇಕು. ಎರಡನ್ನೂ ಬದಲಿಸುತ್ತ ಕೂರುವುದಕ್ಕಿಂತ ಆ ದಿನದ ಮಟ್ಟಿಗೆ ಗೆಳೆಯರ ರೈಫಲ್ ಕೇಳಿ ಪಡೆಯುವುದು ಸುಲಭ.