ಬಿಸಿಎಫ್: ಮಾಡೆಲ್ ಬೇಡ, ತಕರಾರು ಮಾತ್ರ ಕಳಿಸಿ

ಜಯನಗರದ ಸಣ್ಣ ಎಂಇಪಿ (ಕಟ್ಟಡದ ಎಸಿ, ಕರೆಂಟು, ನೀರಿನ ಲೈನುಗಳ ಡಿಸೈನ್) ಆಫೀಸೊಂದರಲ್ಲಿ ಮಾಡೆಲ್ ಕೋಆರ್ಡಿನೇಷನ್, ಅಂದರೆ ಎಲ್ಲರ 3ಡಿ ಮಾಡೆಲ್‌ಗಳನ್ನು ಒಂದಕ್ಕೊಂದು ತಾಳೆ ನೋಡುವುದು, ನನ್ನ ಕೆಲಸ. ಮಾಡೆಲ್ ಮಾಡುವ ಸಾಫ್ಟ್‌ವೇರ್ ಒಬ್ಬೊಬ್ಬರದು ಒಂದೊಂದು: ನಾವು ರೆವಿಟ್, ಆರ್ಕಿಟೆಕ್ಟ್ ಆರ್ಕಿಕ್ಯಾಡ್, ಸ್ಟ್ರಕ್ಚರ್‌ನವರು ಟೆಕ್ಲಾ. ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟ್ ಒಂದರ ಬೇಸ್‌ಮೆಂಟ್‌ನಲ್ಲಿ ನಮ್ಮ ಡಕ್ಟ್ (ಗಾಳಿ ಕೊಳವೆ) ಸ್ಟ್ರಕ್ಚರ್‌ನವರ ಬೀಮ್‌ಗೆ ಗುದ್ದುತ್ತಿದ್ದರೆ ಅದನ್ನು ತಿಳಿಸುವುದು ಹೇಗೆ? ಮೊದಲು ವಾಟ್ಸಾಪ್‌ನಲ್ಲಿ ಕೆಂಪು ಸುತ್ತು ಹಾಕಿದ ಸ್ಕ್ರೀನ್‌ಶಾಟ್ ಹೋಗುತ್ತಿತ್ತು. "ಇದು ಯಾವ ಕಡೆಯ ಬೀಮ್ ಸಾರ್?" ಅಂತ ವಾಪಸ್ ಫೋನ್ ಬರುತ್ತಿತ್ತು. ಈಗ ಬಿಸಿಎಫ್ (ಬಿಮ್ ಕೊಲಾಬರೇಷನ್ ಫಾರ್ಮ್ಯಾಟ್) ಫೈಲ್ ಹೋಗುತ್ತದೆ.

ಇದು ಯಾವ ಕಂಪನಿಯ ಸಾಫ್ಟ್‌ವೇರೂ ಅಲ್ಲ, ಒಂದು ಫೈಲ್ ಫಾರ್ಮ್ಯಾಟ್. ಟೆಕ್ಲಾ ಮತ್ತು ಸೊಲಿಬ್ರಿ ಕಂಪನಿಯವರು ಶುರು ಮಾಡಿದ್ದು, ಈಗ ಬಿಲ್ಡಿಂಗ್‌ಸ್ಮಾರ್ಟ್ ಸಂಸ್ಥೆ ನೋಡಿಕೊಳ್ಳುತ್ತದೆ. ಐಎಫ್‌ಸಿ (ಬೇರೆಬೇರೆ ಸಾಫ್ಟ್‌ವೇರ್ ನಡುವೆ ಮಾಡೆಲ್ ಸಾಗಿಸುವ ಫಾರ್ಮ್ಯಾಟ್) ಕೂಡ ಅವರದೇ.

ನನಗೆ ತುಂಬಾ ಇಷ್ಟವಾದದ್ದು ಒಳಗಿನ ಸರಳತನ. ಬಿಸಿಎಫ್ ಅಂದರೆ ಮಾಮೂಲಿ ಜಿಪ್ ಫೈಲ್. ಬಿಚ್ಚಿ ನೋಡಿದರೆ ಪ್ರತಿ ತಕರಾರಿಗೂ ಒಂದು ಫೋಲ್ಡರ್. ಅದರಲ್ಲಿ ಶೀರ್ಷಿಕೆ, ಸ್ಟೇಟಸ್, ಕಾಮೆಂಟ್‌ಗಳಿರುವ ಎಕ್ಸ್‌ಎಂಎಲ್ ಫೈಲ್, ಒಂದು ವ್ಯೂಪಾಯಿಂಟ್ ಫೈಲ್, ಜೊತೆಗೆ ಒಂದು ಚಿತ್ರ. ನೋಟ್‌ಪ್ಯಾಡ್‌ನಲ್ಲೇ ಓದಬಹುದು. ವ್ಯೂಪಾಯಿಂಟ್‌ನಲ್ಲಿ ಕ್ಯಾಮೆರಾ ಎಲ್ಲಿ ನಿಂತಿದೆ, ಯಾವ ಕಡೆ ನೋಡುತ್ತಿದೆ, ಎಲ್ಲಿ ಸೆಕ್ಷನ್ ಕತ್ತರಿಸಿದೆ, ಯಾವ ವಸ್ತುಗಳು ಸೆಲೆಕ್ಟ್ ಆಗಿವೆ ಎಲ್ಲಾ ಇರುತ್ತದೆ. ಸ್ಟ್ರಕ್ಚರ್‌ನವರು ಕ್ಲಿಕ್ ಮಾಡಿದರೆ ಅವರ ಮಾಡೆಲ್‌ನಲ್ಲೇ ಸೀದಾ ಆ ಬೀಮ್ ಮುಂದೆ ಹೋಗಿ ನಿಲ್ಲುತ್ತಾರೆ. ಮಾಡೆಲ್ ಇದರಲ್ಲಿ ಇರುವುದೇ ಇಲ್ಲ, ಹಾಗಾಗಿ ಮೇಲ್‌ನಲ್ಲಿ ಆರಾಮಾಗಿ ಹೋಗುತ್ತದೆ.

ಆದರೆ ಒಂದು ಶರತ್ತಿದೆ. ಬೀಮ್ ಯಾವುದು, ಡಕ್ಟ್ ಯಾವುದು ಅಂತ ಬಿಸಿಎಫ್ ಗುರುತಿಸುವುದು ಐಎಫ್‌ಸಿಯ 22 ಅಕ್ಷರದ ಐಡಿಯಿಂದ. ಯಾರೋ ಹುಡುಗ ಡಕ್ಟ್ ಸರಿಸುವ ಬದಲು ಅಳಿಸಿ ಹೊಸದಾಗಿ ಎಳೆದ ಅಂದುಕೊಳ್ಳಿ, ಐಡಿ ಬದಲಾಯಿತು. ಕ್ಯಾಮೆರಾ ಸರಿಯಾದ ಜಾಗಕ್ಕೇ ಹೋಗುತ್ತದೆ, ಸೆಲೆಕ್ಟ್ ಮಾತ್ರ ಏನೂ ಆಗುವುದಿಲ್ಲ. ಎಲ್ಲರ ಮಾಡೆಲ್‌ಗೂ ಒಂದೇ ಒರಿಜಿನ್ (ಅಳತೆ ಶುರುವಾಗುವ ಸೊನ್ನೆ ಬಿಂದು) ಇಲ್ಲದಿದ್ದರೆ ಇನ್ನೂ ಮಜಾ. ಕ್ಯಾಮೆರಾ ಕಟ್ಟಡ ಬಿಟ್ಟು ಎಲ್ಲೋ ಬಯಲಲ್ಲಿ ನಿಂತಿರುತ್ತದೆ. ಬೈಯಬೇಕಾದ್ದು ಫಾರ್ಮ್ಯಾಟನ್ನಲ್ಲ, ನಮ್ಮ ಸೆಟಪ್ಪನ್ನು.

ಫಾರ್ಮ್ಯಾಟಿನ ನಿಜವಾದ ತೊಂದರೆ ಬೇರೆ. ಒಂದೇ ಫೈಲನ್ನು ಇಬ್ಬರಿಗೆ ಕಳಿಸಿದಿರಿ, ಇಬ್ಬರೂ ಬೇರೆಬೇರೆ ಕಾಮೆಂಟ್ ಹಾಕಿ ವಾಪಸ್ ಕಳಿಸಿದರು. ಸೇರಿಸುವವರು ಯಾರು? ಫೈಲ್ ತಾನೇ ಸೇರಿಸಿಕೊಳ್ಳುವುದಿಲ್ಲ. ನಮ್ಮ ಒಬ್ಬ ಕನ್ಸಲ್ಟೆಂಟ್ ಹಳೇ ಕಾಪಿಯಲ್ಲೇ "ಕ್ಲೋಸ್ಡ್" ಅಂತ ಹಾಕಿ ಕಳಿಸಿ, ಮುಗಿಯದ ತಕರಾರು ಮುಗಿದ ಪಟ್ಟಿಗೆ ಹೋಗಿತ್ತು. ಇದಕ್ಕೆಂದೇ ಬಿಸಿಎಫ್ ಎಪಿಐ ಇದೆ, ಫೈಲ್ ಕಳಿಸುವ ಬದಲು ಎಲ್ಲರೂ ಒಂದೇ ಸರ್ವರ್‌ಗೆ ಮಾತಾಡುತ್ತಾರೆ. ಆದರೆ ಆ ಸರ್ವರ್ ನಡೆಸುವವರು ಬೇಕು, ಇಲ್ಲವೇ ತಿಂಗಳ ಬಾಡಿಗೆ ಕಟ್ಟಬೇಕು. ಐದಾರು ಜನರ ಆಫೀಸಿಗೆ ಅದು ಜಾಸ್ತಿಯೇ. ಆರ್ಕಿಟೆಕ್ಟ್ ಆಫೀಸಿನ ಒಬ್ಬರೇ ಮಾಸ್ಟರ್ ಫೈಲ್ ಇಟ್ಟುಕೊಳ್ಳಲಿ, ಉಳಿದವರು ಅವರಿಗೇ ಕಳಿಸಲಿ ಅಂತ ನಾವು ಮಾಡಿಕೊಂಡಿದ್ದೇವೆ. ಸದ್ಯಕ್ಕೆ ನಡೆಯುತ್ತಿದೆ.

ಸ್ಟೇಟಸ್ ಹೆಸರುಗಳನ್ನು ಫಾರ್ಮ್ಯಾಟ್ ಗಟ್ಟಿ ಮಾಡಿಲ್ಲ, ಪ್ರಾಜೆಕ್ಟಿನವರೇ ತೀರ್ಮಾನಿಸಬೇಕು. ಒಬ್ಬರು "ಓಪನ್", ಇನ್ನೊಬ್ಬರು "ಆ್ಯಕ್ಟಿವ್" ಅಂತ ಬರೆದರೆ ಫಿಲ್ಟರ್ ಹಾಕಿದಾಗ ಅರ್ಧ ತಕರಾರು ಕಾಣುವುದೇ ಇಲ್ಲ. ಮೊದಲ ಮೀಟಿಂಗ್‌ನಲ್ಲೇ ಇದನ್ನು ಬರೆಸಿಕೊಳ್ಳಿ.

ಖರ್ಚು? ಫಾರ್ಮ್ಯಾಟ್ ಪೂರ್ತಿ ಪುಕ್ಕಟೆ. ಆರ್ಕಿಕ್ಯಾಡ್ ತಾನೇ ಓದುತ್ತದೆ, ರೆವಿಟ್‌ಗೆ ನಾವು ಪ್ಲಗಿನ್ ಹಾಕಿಕೊಂಡಿದ್ದೇವೆ. ದುಡ್ಡು ಹಾಕದೆ ಸುಮ್ನೆ ನೋಡಬೇಕು ಅನ್ನುವವರಿಗೆ ಬ್ಲೆಂಡರ್‌ನ ಬೋನ್ಸಾಯ್ ಅನ್ನುವ ಪುಕ್ಕಟೆ ಆ್ಯಡ್-ಆನ್ ಇದೆ. 2021ರಲ್ಲಿ ಬಿಸಿಎಫ್‌ನ 3.0 ಆವೃತ್ತಿ ಬಂದಿದ್ದರೂ ನಾವು ಕಳಿಸುವುದು 2.1ರಲ್ಲೇ, ಯಾಕೆಂದರೆ ನಮ್ಮ ಮೂರೂ ಆಫೀಸುಗಳಲ್ಲಿ ತಕರಾರಿಲ್ಲದೆ ತೆರೆದುಕೊಳ್ಳುವುದು ಅದೊಂದೇ.