ಬಿಡುವು ತೆಗೆದುಕೊಳ್ಳಲು ನೆನಪಿಸುವ ಸ್ಟ್ರೆಚ್ಲಿ: ಆರು ತಿಂಗಳ ಬಳಕೆಯ ನಂತರ

ಕಚೇರಿಯಲ್ಲಾದರೆ ಯಾರಾದರೂ ಬಂದು ಮಾತಾಡಿಸುತ್ತಾರೆ, ಮೀಟಿಂಗಿಗೆಂದು ಇನ್ನೊಂದು ಕೋಣೆಗೆ ನಡೆಯಬೇಕಾಗುತ್ತದೆ; ಮನೆಯಲ್ಲಿ ಇಂಥ ಸಣ್ಣಪುಟ್ಟ ಅಡಚಣೆಗಳೂ ಇಲ್ಲದ ಕಾರಣ ಬೆಳಿಗ್ಗೆ ಕುಳಿತವರು ಮಧ್ಯಾಹ್ನದವರೆಗೆ ಕುರ್ಚಿ ಬಿಟ್ಟು ಏಳುವುದೇ ಇಲ್ಲ. ಸಂಜೆಯಾಗುತ್ತಲೇ ಓದಿದ ಸಾಲನ್ನೇ ಮತ್ತೆ ಮತ್ತೆ ಓದುವ ಸ್ಥಿತಿ ನನಗೆ ಬಂದಾಗ ಕಂಪ್ಯೂಟರಿನಲ್ಲಿ ಸ್ಟ್ರೆಚ್ಲಿ ಎಂಬ ತಂತ್ರಾಂಶವನ್ನು ಹಾಕಿಕೊಂಡೆ. ಇದು ಉಚಿತ ಮತ್ತು ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ.

ಮೊದಲಿಗೆ ಇದರಲ್ಲಿರುವ ಲೆಕ್ಕ ಹೀಗಿದೆ: 10 ನಿಮಿಷಕ್ಕೊಮ್ಮೆ 20 ಸೆಕೆಂಡುಗಳ ಕಿರುಬಿಡುವು, ಅರ್ಧ ಗಂಟೆಗೊಮ್ಮೆ 5 ನಿಮಿಷಗಳ ದೊಡ್ಡ ಬಿಡುವು. ಬಿಡುವಿಗೆ ಕೆಲವು ಸೆಕೆಂಡು ಮೊದಲೇ ಸೂಚನೆ ಬರುವುದರಿಂದ ಬರೆಯುತ್ತಿದ್ದ ವಾಕ್ಯವನ್ನು ಮುಗಿಸಿಕೊಳ್ಳಬಹುದು. ಆದರೂ ಬರವಣಿಗೆಯಂಥ ಕೆಲಸಕ್ಕೆ 10 ನಿಮಿಷದ ಅಂತರ ತೀರಾ ಕಡಿಮೆಯೆಂದು ನನ್ನ ಅಭಿಪ್ರಾಯ. ನಾನು ಅದನ್ನು 20 ನಿಮಿಷಕ್ಕೆ ಬದಲಿಸಿಕೊಂಡೆ. ಆಗ ದೊಡ್ಡ ಬಿಡುವು ಗಂಟೆಗೊಮ್ಮೆ ಬರುತ್ತದೆ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದೇ ಕಡಿಮೆಯಾಗಿ ಕಣ್ಣು ಒಣಗುತ್ತದೆ. ಆದ್ದರಿಂದ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕೆಂದು ಕಣ್ಣಿನ ವೈದ್ಯರು ಹೇಳುವ ಸಲಹೆಗೂ ಈ ಅಂತರ ಸರಿಹೊಂದುತ್ತದೆ. ಕಿಟಕಿಯಾಚೆಯ ಮರ ಮೊದಲ ಕೆಲವು ಕ್ಷಣ ಹಸಿರು ಮುದ್ದೆಯಂತೆ ಕಾಣುತ್ತದೆ, ಆಮೇಲೆ ನಿಧಾನವಾಗಿ ಒಂದೊಂದೇ ಎಲೆ ಬೇರೆಯಾಗಿ ಕಾಣತೊಡಗುತ್ತದೆ. ಕಣ್ಣು ಎಷ್ಟು ದಣಿದಿತ್ತೆಂಬುದು ನನಗೆ ತಿಳಿಯುವುದೇ ಆಗ.

ಕಂಪ್ಯೂಟರನ್ನು ಬಿಟ್ಟು ನಾವಾಗಿಯೇ ಎದ್ದುಹೋಗಿದ್ದರೆ ಅದನ್ನು ಗುರುತಿಸಿ ಲೆಕ್ಕವನ್ನು ಹೊಸದಾಗಿ ಶುರುಮಾಡುವುದು ಇದರಲ್ಲಿ ನನಗೆ ತುಂಬಾ ಹಿಡಿಸಿದ ಗುಣ. ವಿಡಿಯೊ ಕರೆಗೆ ಕೂರುವ ಮುನ್ನ ಮಾತ್ರ ಇದನ್ನು ತಡೆಹಿಡಿದಿಡುವುದು ಒಳ್ಳೆಯದು.

ಪರದೆಯನ್ನು ಮುಚ್ಚುವಷ್ಟು ಕೆಲಸವನ್ನು ತಂತ್ರಾಂಶ ಮಾಡುತ್ತದೆ, ಆ ಐದು ನಿಮಿಷ ಏನು ಮಾಡಬೇಕೆಂಬುದು ನಮಗೇ ಬಿಟ್ಟದ್ದು. ಮೊದಲ ಎರಡು ವಾರ ನಾನು ಮೊಬೈಲ್ ಹಿಡಿದು ಕೂತೆ. ಕತ್ತು ಬಗ್ಗಿಯೇ ಇತ್ತು, ತಲೆಭಾರವೂ ಇಳಿಯಲಿಲ್ಲ. ಈಗ ಮೊಬೈಲನ್ನು ಮೇಜಿನ ಮೇಲೆಯೇ ಬಿಟ್ಟು ಅಡುಗೆಮನೆಗೆ ಹೋಗಿ, ನಿಂತುಕೊಂಡೇ ಒಂದು ಲೋಟ ನೀರು ಕುಡಿದು, ಭುಜಗಳನ್ನು ಸಡಿಲಿಸಿಕೊಂಡು ಬರುತ್ತೇನೆ. ವ್ಯತ್ಯಾಸ ಒಂದೇ ವಾರದಲ್ಲಿ ತಿಳಿಯಿತು.

ಇದರಿಂದ ಎಲ್ಲವೂ ಸರಿಹೋಗುತ್ತದೆಂದು ನಾನು ಹೇಳಲಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ವಿವರಿಸುವಾಗ, ಸರಿಯಾಗಿ ನಿಭಾಯಿಸಲಾಗದೆ ಉಳಿದ ದೀರ್ಘಕಾಲದ ಕೆಲಸದ ಒತ್ತಡದ ಫಲವದು ಎಂದಿತು. ಬಳಲಿಕೆ, ಕೆಲಸದ ಬಗ್ಗೆ ಜಿಗುಪ್ಸೆ, ಕೆಲಸದ ಸಾಮರ್ಥ್ಯ ಕುಗ್ಗುವುದು ಅದರ ಲಕ್ಷಣಗಳು. ಇಬ್ಬರ ಕೆಲಸವನ್ನು ಒಬ್ಬರೇ ಹೊತ್ತಿದ್ದರೆ ಅದನ್ನು ಮೇಲಿನವರೊಂದಿಗೆ ಮಾತಾಡಿಯೇ ಬಗೆಹರಿಸಿಕೊಳ್ಳಬೇಕು.

ಬಿಡುವನ್ನು ಮುಂದೂಡುವ ಗುಂಡಿಯೂ ಇದರಲ್ಲಿದೆ, ಬಿಡುವನ್ನು ತಪ್ಪಿಸಲು ಬಿಡದ ಕಟ್ಟುನಿಟ್ಟಿನ ಆಯ್ಕೆಯೂ ಇದೆ. ಗಡುವು ಹತ್ತಿರವಾದ ದಿನಗಳಲ್ಲೇ ಹೆಚ್ಚಾಗಿ ಮುಂದೂಡುತ್ತಿದ್ದುದನ್ನು ಗಮನಿಸಿದ ಮೇಲೆ, ದೊಡ್ಡ ಬಿಡುವಿಗೆ ನಾನು ಎರಡನೆಯದನ್ನೇ ಆರಿಸಿಟ್ಟಿದ್ದೇನೆ.