ಪಿಕಪ್‌ಗೆ ಎಟಿ ಟೈರಾ, ರೋಡ್ ಟೈರಾ? ಮೂರನ್ನೂ ಓಡಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ರೋಡ್ ಟೈರಿಗೆ. ದೊಡ್ಡ ಎಸ್‌ಯುವಿಗಳಿಗೆಂದೇ ಮಾಡಿದ, ಮಳೆಯಲ್ಲೂ ರಸ್ತೆ ಬಿಡದ ಪರ್ಫಾರ್ಮೆನ್ಸ್ ಟೈರು. ಪಿಕಪ್‌ಗೆ ಇದನ್ನು ಹಾಕಿಸುತ್ತೇನೆ ಅಂದಾಗ ಊರಲ್ಲಿ ನಕ್ಕವರೇ ಜಾಸ್ತಿ. ‘ಮೈಲೇಜ್ ಬಿದ್ದೋಗುತ್ತೆ, ತೋಟದಲ್ಲಿ ಹೂತ್ಕೊಳ್ಳುತ್ತೆ’ ಅಂದರು. ಎರಡನೆಯದು ನಿಜ. ಮೊದಲನೆಯದು ಅಷ್ಟು ನಿಜ ಅಲ್ಲ.

ಗಾಡಿ ಇಸುಝು ವಿ-ಕ್ರಾಸ್, ಸೆಕೆಂಡ್ ಹ್ಯಾಂಡ್. ಬರುವಾಗಲೇ ಅದರಲ್ಲಿ ದಪ್ಪ ಬಟನ್‌ನ (ಟೈರಿನ ಮೇಲಿನ ರಬ್ಬರ್ ಉಬ್ಬು) ಎಟಿ, ಅಂದರೆ ಕೆಸರು, ಕಲ್ಲು ದಾರಿಗೂ ಆಗುವ ಆಲ್ ಟೆರೇನ್ ಟೈರು ಇತ್ತು. ಹಿಂದಿನ ಓನರ್ ಕಂಪನಿಯ 255/60 ಆರ್ 18 (255 ಮಿಲಿಮೀಟರ್ ಅಗಲ, ಪಕ್ಕದ ಗೋಡೆಯ ಎತ್ತರ ಅದರ ಶೇ. 60, ರಿಮ್ 18 ಇಂಚು) ತೆಗೆಸಿ, ಒಂದು ಸೈಜ್ ಮೇಲೆ ಹೋಗಿ 265/60 ಹಾಕಿಸಿದ್ದರು. ನೋಡೋಕೆ ಒಳ್ಳೆ ಗತ್ತು. ಆದರೆ ನನ್ನ ಓಡಾಟ ಹತ್ತರಲ್ಲಿ ಒಂಬತ್ತು ಪಾಲು ಟಾರು, ಕಾಂಕ್ರೀಟ್ ಮೇಲೆ. ಸಕಲೇಶಪುರದಿಂದ ಬೆಂಗಳೂರು, ಇಲ್ಲಾ ಶಿರಾಡಿ ಇಳಿದು ಮಂಗಳೂರು. ಉಳಿದ ಒಂದು ಪಾಲು ತೋಟದ ದಾರಿ. ಹಾಸನ ದಾಟಿ ಎಂಬತ್ತರಲ್ಲಿ ಹೋಗುವಾಗ ಎಟಿ ಟೈರಿನ ‘ಗುಂಯ್’ ಸದ್ದು ಕಿವಿಯಲ್ಲೇ ಕೂತಿರುತ್ತಿತ್ತು. ಪಕ್ಕದ ಸೀಟಿನವರ ಜೊತೆ ಮಾತಾಡಬೇಕಾದರೆ ದನಿ ಏರಿಸಬೇಕು.

ಮೂರನೆಯದು ಎಚ್‌ಟಿ, ಹೈವೇ ಟೈರು. ಭಾವನದೂ ಇದೇ ಗಾಡಿ, ಕಂಪನಿಯಿಂದ ಬಂದ ಎಚ್‌ಟಿ ಟೈರಿನಲ್ಲೇ ಓಡುತ್ತಿದೆ. ಅವರ ನಾಲ್ಕೂ ಚಕ್ರ ಬಿಚ್ಚಿ ನನ್ನದಕ್ಕೆ ಹಾಕಿ, ನನ್ನ ಎಟಿ ಚಕ್ರಗಳನ್ನು ಅವರಿಗೆ ಕೊಟ್ಟು ಕೆಲವು ವಾರ ಓಡಿಸಿದೆ. ಭಾವ ವಾಪಸ್ ಕೊಡುವಾಗ ಹೇಳಿದ್ದು ಒಂದೇ ಮಾತು, ‘ಮಾರಾಯ, ಇದ್ರಲ್ಲಿ ಹಾಡು ಕೇಳೋಕಾಗಲ್ಲ.’

ಈಗ ಮೈಲೇಜ್. ತಲೆನೋವು ಶುರುವಾಗಿದ್ದೇ ಇಲ್ಲಿಂದ.

ಎಲ್ಲರೂ ಹೇಳುವುದು ಮೀಟರ್ ಲೆಕ್ಕ. ಟ್ಯಾಂಕ್ ತುಂಬಿಸು, ಓಡಿಸು, ಮತ್ತೆ ತುಂಬಿಸು, ಭಾಗಿಸು. ಆದರೆ ಟೈರಿನ ಸೈಜ್ ಬದಲಾದರೆ ಮೀಟರೇ ಸುಳ್ಳು ಹೇಳುತ್ತೆ. ಮೀಟರ್ ಎಣಿಸುವುದು ಚಕ್ರ ಎಷ್ಟು ಸುತ್ತು ತಿರುಗಿತು ಅಂತ. 255/60 ಆರ್ 18 ಟೈರಿನ ಎತ್ತರ ಸುಮಾರು 763 ಮಿಲಿಮೀಟರ್. 265/60 ಆದರೆ 775. ಒಂದು ಸುತ್ತಿಗೆ ಗಾಡಿ ಶೇ. 1.6ರಷ್ಟು ಜಾಸ್ತಿ ಮುಂದೆ ಹೋಗುತ್ತೆ, ಮೀಟರ್‌ಗೆ ಅದು ಗೊತ್ತೇ ಆಗಲ್ಲ. ಹೆದ್ದಾರಿ ಪಕ್ಕದ ಹಳದಿ ತಲೆಯ ಕಿಲೋಮೀಟರ್ ಕಲ್ಲು ಇರುತ್ತಲ್ಲ, ಅದನ್ನು ನೋಡಿಕೊಂಡು ಹೋದೆ. ಕಲ್ಲಿನ ಲೆಕ್ಕದಲ್ಲಿ ಐವತ್ತು ಕಿಲೋಮೀಟರ್ ಮುಗಿದಾಗ ಮೀಟರ್ ಇನ್ನೂ 49ರ ಮೇಲೆ ಸ್ವಲ್ಪದಲ್ಲೇ ಇತ್ತು. ಅಂದರೆ ಎಟಿ ಹಾಕಿಸಿದ ತಕ್ಷಣ ‘ಮೈಲೇಜ್ ಬಿತ್ತು’ ಎಂದು ಗೋಳಾಡುವವರ ಲೆಕ್ಕದಲ್ಲಿ ಒಂದಿಷ್ಟು ಬರೀ ಮೀಟರಿನದು, ಡೀಸೆಲ್ಲಿನದಲ್ಲ.

ಅದು ಸರಿಹೋಯಿತು ಅನ್ನುವಷ್ಟರಲ್ಲಿ ನೊರೆ. ಡೀಸೆಲ್ ಟ್ಯಾಂಕಿಗೆ ಬೀಳುವಾಗ ನೊರೆ ಬರುತ್ತೆ. ಆ ನೊರೆ ನಾಝಲ್ ಮುಟ್ಟಿದರೆ ಟಕ್ ಅಂತ ಕಟ್ ಆಗುತ್ತೆ. ಟ್ಯಾಂಕ್ ತುಂಬಿರುವುದೇ ಇಲ್ಲ. ಸ್ವಲ್ಪ ಕಾದರೆ ನೊರೆ ಇಳಿದು ಇನ್ನೂ ಒಂದೆರಡು ಲೀಟರ್ ಹಿಡಿಯುತ್ತೆ. ಬಂಕಿನ ಹುಡುಗನಿಗೆ ಅರ್ಜೆಂಟು, ಹಿಂದೆ ನಿಂತ ಟಿಪ್ಪರ್‌ನವನಿಗೆ ಅದಕ್ಕಿಂತ ಅರ್ಜೆಂಟು. ಮೂವತ್ತು ಲೀಟರಿನ ಲೆಕ್ಕದಲ್ಲಿ ಒಂದು ಲೀಟರ್ ಆಚೀಚೆ ಆದರೆ ಶೇ. 3ಕ್ಕಿಂತ ಜಾಸ್ತಿ ತಪ್ಪು. ನಾನು ಹುಡುಕುತ್ತಿದ್ದ ವ್ಯತ್ಯಾಸವೇ ಅಷ್ಟು! ಕೊನೆಗೆ ಒಂದೇ ಬಂಕ್, ಒಂದೇ ಪಂಪ್, ಗಾಡಿ ನಿಲ್ಲಿಸುವ ಜಾಗವೂ ಒಂದೇ, ಬೆಳಿಗ್ಗೆ ರಶ್ ಇಲ್ಲದ ಹೊತ್ತಲ್ಲಿ ನಿಧಾನವಾಗಿ ತುಂಬಿಸುವ ಪದ್ಧತಿ ಮಾಡಿಕೊಂಡೆ. ಒಂದು ಟ್ಯಾಂಕಿನ ಲೆಕ್ಕ ನಂಬುವುದನ್ನು ಬಿಟ್ಟು, ಹಲವು ಟ್ಯಾಂಕ್ ಸೇರಿಸಿ ಸರಾಸರಿ ತೆಗೆದೆ.

ಇನ್ನು ಗಾಳಿ. ಎಟಿ ಟೈರು ಗಡಸು ಅಂತ ಹಿಂದಿನ ಓನರ್ ಗಾಳಿ ಕಡಿಮೆ ಇಟ್ಟು ಓಡಿಸುತ್ತಿದ್ದರಂತೆ. ಡ್ರೈವರ್ ಬಾಗಿಲು ತೆಗೆದರೆ ಕಾಣುವ ಸ್ಟಿಕರ್ ನೋಡಿ ಸರಿಯಾಗಿ ಹೊಡೆಸಿದೆ, ಅಷ್ಟಕ್ಕೇ ಮೈಲೇಜ್ ಅರ್ಧ ಕಿಲೋಮೀಟರ್ ಮೇಲೆ ಬಂತು. ಟೈರ್ ಬದಲಿಸುವ ಮುಂಚೆ ಎಲ್ಲರೂ ಮಾಡಬೇಕಾದ ಕೆಲಸ ಇದು. (ನೈಟ್ರೋಜನ್‌ಗೆ ದುಡ್ಡು ಕೊಡುವವರಿಗೆ ಒಂದು ಮಾತು: ಮಾಮೂಲಿ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ.)

ಇಷ್ಟೆಲ್ಲ ಸರಿಪಡಿಸಿದ ಮೇಲೆ ಬಂದ ಲೆಕ್ಕ ಹೀಗೆ. ಎಟಿ ಲೀಟರಿಗೆ ಮೀಟರ್ ಪ್ರಕಾರ 11, ನಿಜದಲ್ಲಿ 11.2ರ ಹತ್ತಿರ. ಎಚ್‌ಟಿ 12.1. ರೋಡ್ ಟೈರು 11.8. ಇದರಲ್ಲೂ ಭಾವನ ಎಚ್‌ಟಿ ಅರ್ಧ ಸವೆದದ್ದು, ನನ್ನ ರೋಡ್ ಟೈರು ಹೊಸದು. ಬಟನ್ ಸವೆದಷ್ಟೂ ಟೈರು ಹಗುರಾಗಿ ಉರುಳುತ್ತೆ. ಎರಡೂ ಹೊಸದಾಗಿದ್ದಿದ್ದರೆ ಅಂತರ ಇನ್ನೂ ಕಡಿಮೆ ಇರುತ್ತಿತ್ತು ಅನ್ನೋದು ನನ್ನ ಅಂದಾಜು.

ವರ್ಷಕ್ಕೆ 15,000 ಕಿಲೋಮೀಟರ್, ಡೀಸೆಲ್ 90 ರೂಪಾಯಿ ಅಂತ ಇಟ್ಟುಕೊಳ್ಳಿ. ಎಚ್‌ಟಿ ಬಿಟ್ಟು ರೋಡ್ ಟೈರಿಗೆ ಬಂದದ್ದಕ್ಕೆ ನಾನು ಜಾಸ್ತಿ ಕೊಡುವುದು ವರ್ಷಕ್ಕೆ 2,800 ರೂಪಾಯಿ. ಎಟಿ ಬಿಟ್ಟದ್ದಕ್ಕೆ ಉಳಿಯುವುದು ಆರು ಸಾವಿರ ಚಿಲ್ಲರೆ.

ಹಿಡಿತ ಜಾಸ್ತಿ ಇದ್ದರೆ ಮೈಲೇಜ್ ಹೋಗಲೇಬೇಕು ಅನ್ನೋದು ಹಳೇ ಲೆಕ್ಕ. ಟೈರು ಉರುಳುವಾಗ ರಬ್ಬರ್ ಒತ್ತಿ ಬಿಡುತ್ತಾ ಇರುತ್ತೆ, ಹಾಗೆ ಒತ್ತಿ ಬಿಡುವುದರಲ್ಲಿ ಒಂದಿಷ್ಟು ಶಕ್ತಿ ಬಿಸಿಯಾಗಿ ಹೋಗುತ್ತೆ. ದಪ್ಪ ಬಟನ್ ಅಲುಗಾಡುವುದು ಜಾಸ್ತಿ, ಹಾಗಾಗಿ ಎಟಿ ಡೀಸೆಲ್ ಕುಡಿಯುತ್ತೆ. ಟೈರೂ ಭಾರ. ರೋಡ್ ಟೈರಿನ ಬಟನ್ ತೆಳು, ಒಂದಕ್ಕೊಂದು ಅಂಟಿಕೊಂಡಿರುತ್ತೆ. ಮೇಲೆ ರಬ್ಬರಿಗೆ ಸಿಲಿಕಾ ಸೇರಿಸುವುದು ಬಂದ ಮೇಲೆ ಒದ್ದೆ ರಸ್ತೆಯ ಹಿಡಿತ, ಮೈಲೇಜ್ ಎರಡನ್ನೂ ಒಟ್ಟಿಗೆ ಹಿಡಿಯೋಕೆ ಸಾಧ್ಯ ಆಗಿದೆ. 2022ರಲ್ಲಿ ನಮ್ಮ ಬಿಇಇ (ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ), ಫ್ರಿಜ್‌ಗೆ ಸ್ಟಾರ್ ಕೊಡುವ ಅದೇ ಬಿಇಇ, ಟೈರಿಗೆ ಐದು ಸ್ಟಾರ್ ಕೊಟ್ಟಾಗ ಮೊದಲು ಸಿಕ್ಕಿದ್ದು ಮಿಷೆಲಿನ್‌ನ ಎರಡು ಸ್ಪೋರ್ಟ್ ಮಾದರಿಗಳಿಗೆ. ನನ್ನದು ಅವೆರಡೂ ಅಲ್ಲ, ಆದರೆ ಅಂಗಡಿಯಲ್ಲಿ ಸ್ಟಾರ್ ಲೇಬಲ್ ಇದೆಯಾ ಅಂತ ಕೇಳುವುದು ಒಳ್ಳೇದು.

ಮೈಲೇಜ್ ಪಕ್ಕಕ್ಕಿಡಿ. ನಾನು ದುಡ್ಡು ಕೊಟ್ಟಿದ್ದು ಶಿರಾಡಿಗೆ. ಪಿಕಪ್‌ನ ಹಿಂಭಾಗ ಲೋಡ್ ಇಲ್ಲದಾಗ ಹಗುರ, ಕೆಳಗೆ ಪಟ್ಟಾ ಸ್ಪ್ರಿಂಗು. ಜುಲೈ ಮಳೆಯಲ್ಲಿ ಮಾರನಹಳ್ಳಿ ದಾಟಿ ಗುಂಡ್ಯದ ಕಡೆ ಇಳಿಯುವಾಗ, ಒದ್ದೆ ಕಾಂಕ್ರೀಟ್ ತಿರುವಿನಲ್ಲಿ ಎಟಿ ಹಿಂದಿನ ಚಕ್ರ ಸಣ್ಣಗೆ ಪಕ್ಕಕ್ಕೆ ಸರಿಯುತ್ತಿತ್ತು. ಸ್ಟೀರಿಂಗ್‌ಗಿಂತ ಮೊದಲು ಸೀಟಿಗೆ ಗೊತ್ತಾಗುತ್ತಿತ್ತು. ಎಚ್‌ಟಿಯಲ್ಲಿ ಅದು ಕಡಿಮೆ, ಆದರೆ ಎದುರಿಗೆ ಟ್ಯಾಂಕರ್ ಬಂದು ಗಟ್ಟಿ ಬ್ರೇಕ್ ಹಾಕಿದರೆ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಗಡಗಡ ಶುರು. ರೋಡ್ ಟೈರಿನಲ್ಲಿ ಅದೇ ತಿರುವು, ಅದೇ ಮಳೆ, ಗಾಡಿ ಹೇಳಿದ ಕಡೆ ಹೋಗುತ್ತೆ. ಹಿಂದೆ ಕೂತ ಅಮ್ಮ ಕೂಡ ‘ಈಗ ಸಮಾಧಾನವಾಗಿ ಓಡಿಸ್ತೀಯ’ ಅಂದರು. ನಾನು ಓಡಿಸುವುದು ಹಾಗೇ ಇದೆ.

ಸದ್ದು: ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಬಾಳಿಕೆಯಲ್ಲಿ ಎಚ್‌ಟಿಯೇ ಮುಂದೆ, ಅದರಲ್ಲಿ ಅನುಮಾನ ಇಲ್ಲ.

ಖರೀದಿಸುವಾಗ ಒಂದು ವಿಷಯದಲ್ಲಿ ಮಾತ್ರ ಅಂಗಡಿಯವರ ಮಾತು ಕೇಳಬೇಡಿ. ‘ಸೈಜ್ ಅದೇ ಸಾರ್, ಹಾಕ್ಕೊಳಿ’ ಅಂತಾರೆ. ಸೈಜ್ ಪಕ್ಕದ ನಂಬರ್ ನೋಡಿ. 108 ಅಂದರೆ ಒಂದು ಟೈರು 1,000 ಕೆಜಿ ತಡೆಯುತ್ತೆ, 112 ಆದರೆ 1,120. ಗೊಬ್ಬರದ ಮೂಟೆ ಹೇರುವ ಗಾಡಿಗೆ ನಾನು 112ಕ್ಕಿಂತ ಕೆಳಗೆ ಇಳಿಯಲಿಲ್ಲ. ಕೊನೆಯ ಅಕ್ಷರ ಡಬ್ಲ್ಯು ಅಂದರೆ ಗಂಟೆಗೆ 270 ಕಿಲೋಮೀಟರ್ ತಡೆಯುತ್ತೆ ಅಂತ. ನಮ್ಮ ಪಿಕಪ್ಪನ್ನು ಶಿರಾಡಿಯಿಂದ ಕೆಳಗೆ ತಳ್ಳಿದರೂ ಅಷ್ಟು ಸ್ಪೀಡ್ ಬರಲ್ಲ, ಅದಕ್ಕೆ ಸುಮ್ನೆ ದುಡ್ಡು ಕೊಡಬೇಡಿ.

ತೋಟದ ದಾರಿಯ ಕಥೆ ಬೇರೆ. ಮಳೆಗಾಲದಲ್ಲಿ ಗೇಟಿನಿಂದ ಕಣದವರೆಗಿನ ಏರಿನಲ್ಲಿ ರೋಡ್ ಟೈರಿನ ಗೆರೆಗಳಲ್ಲಿ ಕೆಂಪು ಜೇಡಿ ತುಂಬಿಕೊಂಡು ಚಕ್ರ ನುಣ್ಣಗಾಗುತ್ತೆ. ಫೋರ್ ವೀಲ್ ಹಾಕಿದರೂ ನಾಲ್ಕೂ ಚಕ್ರ ಸುಮ್ನೆ ಸುತ್ತುತ್ತೆ. ಎಟಿ ಇದ್ದಾಗ ಯೋಚನೆಯೇ ಮಾಡದೆ ಹತ್ತುತ್ತಿದ್ದ ಏರು ಅದು. ಈಗ ಜೂನ್‌ನಿಂದ ಸೆಪ್ಟೆಂಬರ್ ಗಾಡಿ ಗೇಟಿನ ಹೊರಗೆ, ಒಳಗೆ ಟ್ರ್ಯಾಕ್ಟರ್. ನಮ್ಮಲ್ಲಿ ಟ್ರ್ಯಾಕ್ಟರ್ ಇದೆ, ನಡೆಯುತ್ತೆ. ಇಲ್ಲದವರು, ದಿನಾ ಕೆಸರಲ್ಲೇ ಓಡಾಡುವವರು ನನ್ನ ಮಾತು ಕೇಳಲೇಬೇಡಿ, ಎಟಿ ಹಾಕಿಸಿ. ಆದರೆ ಕಂಪನಿ ಸೈಜಲ್ಲೇ ಹಾಕಿಸಿ. ಬರೀ ಹೆದ್ದಾರಿ, ಘಾಟಿ ಕಡಿಮೆ, ಒಂದೊಂದು ರೂಪಾಯಿ ಲೆಕ್ಕ ಅಂದರೆ ಎಚ್‌ಟಿ. ನಾಲ್ಕು ಟೈರಿಗೆ ನಾನು ಕೊಟ್ಟಿದ್ದು ಎಚ್‌ಟಿಗಿಂತ ಹತ್ತು-ಹನ್ನೆರಡು ಸಾವಿರ ಜಾಸ್ತಿ. ಘಾಟಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವನಿಗೆ ಅದು ದುಬಾರಿ ಅನ್ನಿಸಲಿಲ್ಲ.

ಒಂದು ಕೆಲಸ ಬಾಕಿ ಇದೆ, ಸ್ಟೆಪ್ನಿ. ಅಲ್ಲಿ ಇನ್ನೂ ಹಳೇ 265 ಎಟಿ ತೂಗಾಡುತ್ತಿದೆ. ಪಂಚರ್ ಆಗಿ ಅದನ್ನು ಹಾಕಿಕೊಂಡರೆ ಫೋರ್ ವೀಲ್ ಮುಟ್ಟುವ ಹಾಗಿಲ್ಲ. ಒಂದು ಚಕ್ರ ದೊಡ್ಡದಾದರೆ ಮುಂದಿನದು ಹಿಂದಿನದು ಎಳೆದಾಡಿ ಟ್ರಾನ್ಸ್‌ಫರ್ ಕೇಸ್‌ಗೆ, ಅಂದರೆ ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆಗೆ, ಪೆಟ್ಟು. ಐದನೇ ಟೈರಿಗೆ ಆರ್ಡರ್ ಕೊಟ್ಟಿದ್ದೇನೆ, ಸ್ಟಾಕ್ ಬರೋದು ಮುಂದಿನ ತಿಂಗಳಂತೆ. ಹಳೇ ಎಟಿ ಸೆಟ್ ಯಾರಿಗಾದರೂ ಬೇಕಿದ್ದರೆ ಬಟನ್ ಇನ್ನೂ ಚೆನ್ನಾಗಿದೆ, ಐದೂ ಒಟ್ಟಿಗೆ ತಗೊಂಡರೆ ರೇಟು ಮಾತಾಡಬಹುದು.